ಮೂರು ತಂತಿಯ ದಾರಿ

ಬೈರಪ್ಪನ ಆರ್ಕೆಸ್ಟ್ರಾದಲ್ಲಿ ಅಶ್ವಥ್ ಗಿಟಾರ್ ನುಡಿಸುತ್ತಿದ್ದಾಗ ಮದುವೆಮನೆಯ ಜನ ಹಾಡುವವರನ್ನು ಬಿಟ್ಟು ಅವನ ಎಡಗೈ ನೋಡುತ್ತಿದ್ದರು. ಆ ಕೈ ಗಿಟಾರಿನ ಕತ್ತಿನ ಮೇಲೆ ಈ ತುದಿಯಿಂದ ಆ ತುದಿಗೆ ಮಿಡತೆಯ ಹಾಗೆ ನೆಗೆಯುತ್ತಿತ್ತು. ಊರು ಮಾಗಡಿ ತಾಲ್ಲೂಕಿನ ಕಲ್ಯ. ಮನೆಯಲ್ಲಿ ಒಂದಿಷ್ಟು ತೆಂಗು, ರಾಗಿ ಹೊಲ, ಕೊಟ್ಟಿಗೆ ತುಂಬ ಸೀಮೆಹಸು. ಬೆಳಗ್ಗೆ ಡೇರಿಗೆ ಹಾಲು ಹಾಕಿ, ಮಧ್ಯಾಹ್ನದ ಬಸ್ಸಿಗೆ ಗಿಟಾರನ್ನು ಹೆಗಲಿಗೇರಿಸಿ ಹೊರಟರೆ ಕಂಡಕ್ಟರುಗಳೂ "ಗಿಟಾರಣ್ಣ, ಇವತ್ತು ಯಾರ ಮದ್ವೆ?" ಎಂದು ಕೇಳುತ್ತಿದ್ದರು. ನಲವತ್ತಾರು ವರ್ಷದ ಆಳಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ, ಹಸುವಿಗೆ ಹುಲ್ಲು ಹಾಕುತ್ತಿದ್ದವನ ಎಡಗೈಯಿಂದ ಕಂತೆ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದ. ಕೈ ಬಗ್ಗಲಿಲ್ಲ. ಹೆಂಡತಿ ಅಂಬುಜಮ್ಮ ಅವನ ಸೊಟ್ಟಗಾದ ಬಾಯಿ ನೋಡಿದವಳೇ ಒಂದು ಕ್ಷಣವೂ ಕಳೆಯದೆ ಪಕ್ಕದ ಮನೆಯ ಕಾರಿಗೆ ಹಾಕಿಸಿ ಆಸ್ಪತ್ರೆ ಸೇರಿಸಿದಳು. ಲಕ್ವ ಹೊಡೆದಿದೆ, ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಬಾಯಿ ನೆಟ್ಟಗಾಯಿತು, ಕಾಲು ನಡೆಯಿತು. ಕೈ ಮಾತ್ರ ಅರ್ಧ ದಾರಿಯಲ್ಲಿ ನಿಂತಿತು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ ಮೇಲೆ ಬೆರಳುಗಳಿಗೆ ಬಲವೇನೋ ಬಂತು. ತಂತಿಯನ್ನು ಒತ್ತಿದರೆ ಗಟ್ಟಿಯಾಗಿಯೇ ಒತ್ತುತ್ತಿದ್ದವು. ಆದರೆ ಒತ್ತಿದ್ದನ್ನು ಬಿಟ್ಟು ಇನ್ನೊಂದು ಕಡೆ ಹೋಗು ಎಂದರೆ, ಹಳೇ ನೆಂಟರು ಮನೆ ಬಿಟ್ಟು ಏಳುವ ಹಾಗೆ ನಿಧಾನ ಮಾಡುತ್ತಿದ್ದವು.

"ಹಿಡ್ಕಳದು ಆಯ್ತದೆ ಕಣಮ್ಮಿ. ಬುಡೋದೇ ಆಗಲ್ಲ," ಎಂದು ಅವನು ಅಂಬುಜಮ್ಮನಿಗೆ ಹೇಳುತ್ತಿದ್ದ.

ಮಾಗಡಿಯಲ್ಲಿ ಬೈರಪ್ಪನ ರಿಹರ್ಸಲ್ ರೂಮಿಗೆ ಮತ್ತೆ ಹೋದ ದಿನ ಎಲ್ಲರೂ ಎದ್ದು ಬಂದು ತಬ್ಬಿಕೊಂಡರು. ಹಾಡು ಶುರುವಾಯಿತು. ಮೊದಲ ಕಾರ್ಡ್, ಎಂದರೆ ಒಟ್ಟಿಗೇ ಮೊಳಗುವ ಮೂರು ನಾಲ್ಕು ಸ್ವರ, ಸರಿಯಾಗಿ ಬಂತು. ಎರಡನೆಯದಕ್ಕೆ ಅವನ ಕೈ ತಲುಪುವಷ್ಟರಲ್ಲಿ ಹಾಡು ಮೂರನೆಯದಕ್ಕೆ ಹೋಗಿತ್ತು. ಬೈರಪ್ಪ ಕೈಯೆತ್ತಿ ನಿಲ್ಲಿಸಿದ. ಮತ್ತೆ ಶುರು, ಮತ್ತೆ ಅದೇ. ಕೊನೆಗೆ ಬೈರಪ್ಪ ಅವನನ್ನು ಮೆಟ್ಟಿಲ ಹತ್ತಿರ ಕರೆದ.

"ಲೇ ಅಶ್ವಥ, ಬೇಜಾರ್ ಮಾಡ್ಕಬ್ಯಾಡ. ಒಸಿ ದಿನ ನೀನು ಗಿಲಕಿ ಹಿಡ್ಕಂಡು ನಮ್ಜೊತೆ ನಿಂತ್ಕೋ. ಜನ ನಿನ್ ಮಖ ನೋಡಿದ್ರೆ ಸಾಕು ಕಣ್ಲಾ."

ಬೈರಪ್ಪ ಹೇಳಿದ್ದು ಪ್ರೀತಿಯಿಂದಲೇ. ಆದರೆ ಅಶ್ವಥನಿಗೆ ಕಪಾಳಕ್ಕೆ ಹೊಡೆದಂತಾಯಿತು. "ಗಿಲಕಿ ತೊಟ್ಲಲ್ಲಿರೋ ಮಗೀಗೆ ಕೊಡಪ್ಪ," ಎಂದು ಹೇಳಿ ಮೆಟ್ಟಿಲಿಳಿದು ಬಂದ. ಗಿಟಾರ್ ಅಟ್ಟ ಸೇರಿತು. ಮನೆಯಲ್ಲಿ ಆಮೇಲೆ ಅದರ ಸುದ್ದಿ ಯಾರೂ ಎತ್ತಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆರ್ಕೆಸ್ಟ್ರಾದ ಗಾಯಕಿ ಅಸ್ರಾ ಹೇಳದೆ ಕೇಳದೆ ಕಲ್ಯಕ್ಕೆ ಬಂದಳು. ಚನ್ನಪಟ್ಟಣದ ಹುಡುಗಿ, ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ರಾಮನಗರದಲ್ಲಿ ಒಂದು ಬಸ್ಸು, ಮಾಗಡಿಯಲ್ಲಿ ಒಂದು ಬಸ್ಸು ಬದಲಿಸಿ ಬಂದಿದ್ದಳು. ಅಂಬುಜಮ್ಮ ಕೊಟ್ಟ ಮಜ್ಜಿಗೆ ಕುಡಿದು ನೇರ ವಿಷಯಕ್ಕೆ ಬಂದಳು.

"ಅಶ್ವಥಣ್ಣ, ರಾಮನಗರದಲ್ಲಿ ನಮ್ಮ ಕಲಾವಿದರ ಸಂಘದ ವಾರ್ಷಿಕೋತ್ಸವ ಇದೆ. ಈ ಸಲ ಒಂದೊಂದು ತಂಡದವರೂ ಒಂದು ಸ್ವಂತ ಹಾಡು ಹಾಡ್ಬೇಕಂತೆ. ಬೈರಪ್ಪಣ್ಣ ನನ್ನ ಹಾಡು ಒಪ್ಕೊಂಡಿದ್ದಾರೆ. ಜಾಝ್ ಥರ ನಿಧಾನವಾದ ಹಾಡು. ನೀವು ನುಡಿಸ್ಬೇಕು."

"ಕೀಬೋರ್ಡ್ ಮನು ಅವ್ನಲ್ಲ."

"ಮನು ಚೆನ್ನಾಗೇ ನುಡಿಸ್ತಾನೆ. ಆದ್ರೆ ಎರಡು ಕೈ ತುಂಬ ನುಡಿಸ್ತಾನೆ. ನನ್ನ ದನಿ ಮೊದ್ಲೇ ತಗ್ಗು. ಅದರೊಳಗೆ ಮುಳುಗಿ ಹೋಗುತ್ತೆ. ನಂಗೆ ಗಿಟಾರ್ ಒಂದೇ ಸಾಕು, ಬೇರೆ ಏನೂ ಬೇಡ."

ಅಶ್ವಥ್ ಎಡಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಮುಚ್ಚಿ ತೆರೆದು ತೋರಿಸಿದ. ಮುಚ್ಚುವುದು ಸಲೀಸು, ತೆರೆಯುವುದು ಕಷ್ಟ. ಅಸ್ರಾ ನೋಡಿದಳು, ಮುಖ ತಿರುಗಿಸಲಿಲ್ಲ.

"ನಿಧಾನದ ಹಾಡು ಅಂದ್ನಲ್ಲಣ್ಣ," ಎಂದಳು.

ಅಂಬುಜಮ್ಮ ಏಣಿ ತಂದು ಅಟ್ಟಕ್ಕೆ ಒರಗಿಸಿದಳು.

ಮನು ಮೊಬೈಲಿನಲ್ಲಿ ಹಾಡಿನ ಕಾರ್ಡುಗಳನ್ನು ರೆಕಾರ್ಡ್ ಮಾಡಿ ಅಸ್ರಾಳಿಗೆ ಕಳಿಸಿದ್ದ. ಮದುವೆಯ ಹಾಡುಗಳಲ್ಲಿ ಒಂದು ಸಾಲಿಗೆ ಒಂದೋ ಎರಡೋ ಕಾರ್ಡ್ ಸಾಕು. ಅಸ್ರಾಳ ಹಾಡಿನಲ್ಲಿ ಪ್ರತಿ ಸಾಲಿನಲ್ಲೂ ಅವು ಬದಲಾಗುತ್ತಲೇ ಇದ್ದವು. ಹಳೆಯ ಅಭ್ಯಾಸದಂತೆ ಅಶ್ವಥ್ ಮೊದಲನೆಯದನ್ನು ಐದನೇ ಫ್ರೆಟ್ಟಿನಲ್ಲಿ, ಎಂದರೆ ಕತ್ತಿನ ಮೇಲಿನ ಐದನೇ ಅಡ್ಡಗೆರೆಯ ಮನೆಯಲ್ಲಿ, ಹಿಡಿದ, ಎರಡನೆಯದಕ್ಕೆ ಮೂರನೇ ಫ್ರೆಟ್ಟಿಗೆ ಇಳಿಯಬೇಕು, ಮೂರನೆಯದಕ್ಕೆ ಎಂಟಕ್ಕೆ ಹಾರಬೇಕು. ಪ್ರತಿ ಸಲವೂ ನಾಲ್ಕು ಬೆರಳು ಎದ್ದು, ಗಾಳಿಯಲ್ಲಿ ತಡಕಾಡಿ, ಮತ್ತೆ ಕೂರಬೇಕು. ಭಾನುವಾರಗಳಂದು ಬರುತ್ತಿದ್ದ ಅಸ್ರಾ ಸಾಲು ಮುಗಿಸಿ ಕಾಯುತ್ತಿದ್ದಳು. ಅವನು ಬೆವರುತ್ತಿದ್ದ. ಮೂರು ಭಾನುವಾರ ಹೀಗೇ ಹೋದವು. ಮೂರನೆಯ ಭಾನುವಾರ ಅವನು ಗಿಟಾರನ್ನು ಜಗಲಿಯ ಮೇಲೆ ಮಲಗಿಸಿಬಿಟ್ಟ.

"ಬ್ಯಾಡ ಕಣವ್ವ. ನಿನ್ ಹಾಡ್ನ ನಾನು ಹಾಳ್ಮಾಡ್ಬುಡ್ತೀನಿ."

ಅಸ್ರಾಳ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಂಬುಜಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅವಳಿಗೆ ಸಂಗೀತದ ಪಾಠವಿಲ್ಲ, ಆದರೆ ಸೋಬಾನೆ ಪದ ಹಾಡುವವಳು, ಹಿಡಿದ ಸ್ವರ ಕದಲದ ಗಂಟಲು. ಸುಮ್ಮನೆ ಕೂರಲಾರದೆ ಅಶ್ವಥ್ ಹೇಳಿದ: "ಆ ಮೊದ್ಲ ಕಾರ್ಡ್ ಒಳಗೆ ಇರೋದಾದ್ರೂ ಏನು ಅಂತ ಕಿವೀಲಿ ಕೇಳುವಾ. ಅಂಬುಜ, ನೀನು ಈ 'ಮ' ಹಿಡ್ಕೋ. ಅಸ್ರಾ, ನೀನು 'ಸ'. ನಾನು ಕೆಳಗ್ಲ 'ದ' ಹಿಡೀತೀನಿ."

ಮೂವರೂ ಹಿಡಿದರು. ಜಗಲಿ ತುಂಬಿದಂತಾಯಿತು. ಕೊಟ್ಟಿಗೆಯಿಂದ ಹಸುವೊಂದು ಕತ್ತೆತ್ತಿ ನೋಡಿತು.

"ಈಗ ಎರಡನೇದು. ಅಸ್ರಾ, ನಿಂಗೆ ಹತ್ರ ಯಾವ್ದು? 'ನಿ'. ಅಲ್ಲಿಗೆ ಇಳಿ. ನಾನು 'ಪ'ಗೆ ಇಳೀತೀನಿ. ಅಂಬುಜ, ನೀನು..." ಅವನು ತಡೆದು ಯೋಚಿಸಿದ. "ನೀನು ಅಲ್ಲೇ ಇರು."

ಕಾರ್ಡ್ ಬದಲಾಯಿತು. ಅಂಬುಜಮ್ಮ ಹಾಡು ನಿಲ್ಲಿಸಿ ಹುಬ್ಬು ಗಂಟಿಕ್ಕಿದಳು.

"ಇದೇನ್ರೀ ಇದು? ನೀವಿಬ್ರೂ ಹೋದ್ರಿ, ನಾನು ಎಲ್ಗೂ ಹೋಗ್ನಿಲ್ವಲ್ಲ. ನಂಗೆ ಬರಾಕಿಲ್ಲ ಅಂತ ಕೂರ್ಸುದ್ರಾ?"

ಅಸ್ರಾ ನಕ್ಕುಬಿಟ್ಟಳು. "ಇಲ್ಲಕ್ಕ, ಮುಂದಿನದ್ರಲ್ಲಿ ನೀವು 'ಗ'ಗೆ ಇಳೀಬೇಕು. ಆಗ ನಾವಿಬ್ರೂ ಕೂತಿರ್ತೀವಿ."

ಹಾಡಿದರು. ಅಂಬುಜಮ್ಮ 'ಮ'ದಿಂದ 'ಗ'ಗೆ ಒಂದೇ ಒಂದು ಹೆಜ್ಜೆ ಇಳಿದಳು. ಉಳಿದ ಇಬ್ಬರು ಕದಲಲಿಲ್ಲ. ಹಾಡು ಮನೆಗೆ ಬಂದು ಸೇರಿದ ಹಾಗೆ ಆ ಮೂರನೆಯ ಕಾರ್ಡ್ ತಣ್ಣಗೆ ನಿಂತಿತು.

ಅಶ್ವಥ್ ನಿಧಾನವಾಗಿ ಗಿಟಾರ್ ಎತ್ತಿಕೊಂಡ. ಇಷ್ಟು ವರ್ಷ ಅವನು ಕಾರ್ಡುಗಳನ್ನು ಆಕಾರವಾಗಿ ಕಲಿತಿದ್ದ, ಇಡೀ ಕೈಯ ಆಕಾರ. ಒಂದು ಆಕಾರವನ್ನು ಕಿತ್ತು ಇನ್ನೊಂದನ್ನು ನೆಡುವುದು, ಅದೂ ಎಷ್ಟು ದೂರ ನೆಗೆದು ನೆಟ್ಟರೆ ಅಷ್ಟು ಚಪ್ಪಾಳೆ. ಒಳಗಿರುವ ಸ್ವರಗಳಲ್ಲಿ ಕೆಲವು ಕೂತಲ್ಲೇ ಇರಬಹುದು, ಉಳಿದವು ಪಕ್ಕದ ಫ್ರೆಟ್ಟಿಗೆ ಸರಿದರೆ ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ವೇಗದ ಕೈಗೆ ಅದು ಬೇಕೂ ಇರಲಿಲ್ಲ.

ನಡುವಿನ ಮೂರು ತಂತಿಗಳನ್ನು ಮಾತ್ರ ಆರಿಸಿಕೊಂಡ. ಕತ್ತಿನ ಮಧ್ಯದಲ್ಲಿ 'ದ', 'ಸ', 'ಮ' ಹುಡುಕಿ ಮೂರು ಬೆರಳು ಇಟ್ಟ. ನುಡಿಸಿದ. 'ಮ'ದ ಬೆರಳನ್ನು ಹಾಗೇ ಒತ್ತಿಕೊಂಡು, ಉಳಿದೆರಡನ್ನು ತಂತಿಯಿಂದ ಎತ್ತದೆ, ಹಿಂದಕ್ಕೆ ಎಳೆದ. ಅವು ಜಾರಿದವು. ಎರಡನೆಯ ಕಾರ್ಡ್ ಬಂತು. 'ಮ'ದ ಬೆರಳನ್ನು ಒಂದು ಫ್ರೆಟ್ ಹಿಂದೆ ಸರಿಸಿದ. ಮೂರನೆಯದು ಬಂತು. ಒಂದು ಬೆರಳೂ ಗಾಳಿಗೆ ಎದ್ದಿರಲಿಲ್ಲ.

"ಬುಡೋದೇ ಬ್ಯಾಡ," ಎಂದ. "ಅಂಬುಜ, ಬುಡೋದೇ ಬ್ಯಾಡ ಕಣೇ!"

ಅಸ್ರಾ ಆ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋದಳು.

ಅಲ್ಲಿಂದ ಮನೆಯ ದಿನಚರಿಯೇ ಬದಲಾಯಿತು. ಹಾಲು ಡೇರಿಗೆ ಮುಟ್ಟಿಸಿ ಬಂದವನು ಜಗಲಿಯಲ್ಲಿ ಕೂತರೆ ಅಂಬುಜಮ್ಮ ತಟ್ಟೆಯನ್ನು ಅಲ್ಲಿಗೇ ತರಬೇಕಾಗುತ್ತಿತ್ತು. ಎರಡು ಕಾರ್ಡುಗಳ ನಡುವೆ ಯಾವ ಬೆರಳು ಉಳಿಯುತ್ತದೆ, ಯಾವುದು ಸರಿಯುತ್ತದೆ ಎಂದು ಹುಡುಕುವುದೇ ಕೆಲಸ. ಕೆಲವು ಕಡೆ ಎರಡು ಬೆರಳು ಉಳಿಯುತ್ತಿದ್ದವು. ಒಂದು ಕಡೆ ಮೂರೂ ಸರಿಯಬೇಕಿತ್ತು, ಆದರೆ ಒಂದೊಂದೇ ಫ್ರೆಟ್. ತಪ್ಪಿದಾಗ ಬೈದುಕೊಳ್ಳುತ್ತಿದ್ದ, ಸಿಕ್ಕಿದಾಗ ಕೊಟ್ಟಿಗೆಗೆ ಕೇಳುವಂತೆ ಕೂಗುತ್ತಿದ್ದ. ಬೆರಳುಗಳ ಬಿಗಿ ಪೂರ್ತಿ ಹೋಗಲಿಲ್ಲ. ಆದರೆ ದಾರಿ ಗೊತ್ತಾದ ಮೇಲೆ ಅವು ಹೆದರುವುದನ್ನು ಬಿಟ್ಟವು.

ಆಮೇಲೆ ಹೊಸ ತೊಡಕು ಬಂತು. ಹತ್ತಿರದ ಸ್ವರಕ್ಕೆ ಸರಿಯುತ್ತಾ ಹೋದರೆ ಕೈ ಪ್ರತಿ ಸಲವೂ ಕೆಳಗೇ ಇಳಿಯುತ್ತಿತ್ತು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಗಿಟಾರಿನ ಕತ್ತಿನ ತುದಿ ಬಂದು, ಮುಂದೆ ಫ್ರೆಟ್ಟೇ ಇರುತ್ತಿರಲಿಲ್ಲ. ಹಾಡಿನ ನಡುವೆಯೋ ಅಸ್ರಾಳ ದನಿ ಮೇಲಕ್ಕೆ ಏರುತ್ತಿತ್ತು.

"ಅಣ್ಣ, ನಾನು ಬೆಟ್ಟ ಹತ್ತುವಾಗ ನೀವು ಬಾವಿಗೆ ಇಳೀತಿದ್ದೀರಿ," ಎಂದಳು ಅವಳು ಮುಂದಿನ ಭಾನುವಾರ. "ಜೊತೆಗೆ ಬನ್ನಿ."

ಜೊತೆಗೆ ಹೋಗಬೇಕಾದರೆ ಹಾರಬೇಕು. ಹಾರುವುದು ಆಗದು. ಅಶ್ವಥ್ ಆ ವಾರವೆಲ್ಲ ಅದನ್ನೇ ಯೋಚಿಸಿದ. ಅದೇ ಮೂರು ಸ್ವರಗಳು ಕತ್ತಿನ ಮೇಲ್ಭಾಗದಲ್ಲೂ ಇದ್ದವು, ಕೂತ ಸಾಲು ಮಾತ್ರ ಬೇರೆ: 'ಸ', 'ಮ', 'ದ'. ಹತ್ತನೇ ಫ್ರೆಟ್ಟಿನಲ್ಲಿ ಮೂರೂ ಒಂದೇ ಗೆರೆಯಲ್ಲಿ ಸಿಕ್ಕವು, ಒಂದೇ ಬೆರಳನ್ನು ಅಡ್ಡ ಮಲಗಿಸಿದರೆ ಮೂರೂ ತಂತಿ. ಅಲ್ಲಿಗೆ ತಲುಪುವುದು ಹೇಗೆ? ನಡುವಿನ ಆಕಾರವನ್ನು ಹಾಗೇ ಹಿಡಿದು ಎರಡು ಫ್ರೆಟ್ ಮೇಲಕ್ಕೆ ಜಾರಿಸಿದ. ಅದು ಬೇರೆ ಕಾರ್ಡ್ ಆಯಿತು, ಮನುವಿನ ರೆಕಾರ್ಡಿಂಗಿನಲ್ಲಿ ಇಲ್ಲದ್ದು. ಆದರೆ ಕಿವಿಗೆ ಹಿತವಾಗಿತ್ತು, ಮುಂದಕ್ಕೆ ತಳ್ಳುತ್ತಿತ್ತು. ಅಲ್ಲಿಂದ ಹತ್ತನೆಯ ಫ್ರೆಟ್ ಕೈಯಳತೆಯಲ್ಲೇ ಇತ್ತು.

ಅಸ್ರಾ ಕೇಳಿ ಕಣ್ಣರಳಿಸಿದಳು. "ಇದು ನನ್ನ ಹಾಡಲ್ಲಿ ಇರ್ಲಿಲ್ಲ."

"ಹಳ್ಳ ದಾಟಕ್ಕೆ ಮಧ್ಯ ಒಂದು ಕಲ್ಲು ಹಾಕ್ದೆ. ಬ್ಯಾಡ್ವಾ?"

"ಬೇಕು. ಈಗ ಇದೂ ನನ್ನ ಹಾಡೇ."

ವಾರ್ಷಿಕೋತ್ಸವದ ಮಧ್ಯಾಹ್ನ ರಾಮನಗರದ ಸಭಾಂಗಣ ಕಲಾವಿದರಿಂದಲೇ ತುಂಬಿತ್ತು. ಕನಕಪುರದವರು, ಚನ್ನಪಟ್ಟಣದವರು, ಬಿಡದಿಯವರು. ಎಲ್ಲರಿಗೂ ಅಶ್ವಥನ ಹಳೆಯ ಕೈ ಗೊತ್ತಿತ್ತು, ಅದಕ್ಕೇನಾಯಿತು ಎಂಬುದೂ ಗೊತ್ತಿತ್ತು. ಅಸ್ರಾ ಬೈರಪ್ಪನಿಗೆ ಗಿಟಾರಿನ ವಿಷಯ ಹೇಳಿದ್ದು ಹಿಂದಿನ ದಿನ. ಅವನು ಹಣೆ ಚಚ್ಚಿಕೊಂಡು, "ಮನು ಪಕ್ಕದಲ್ಲೇ ರೆಡಿ ಇರ್ಲಿ. ಅಶ್ವಥ ನಿಂತೋದ್ರೆ ಅವ್ನು ಹಿಡ್ಕತಾನೆ," ಎಂದಿದ್ದ. ಮನು ಕೀಬೋರ್ಡಿನ ಹಿಂದೆ ಕೈಕಟ್ಟಿ ನಿಂತಿದ್ದ. ಅಂಬುಜಮ್ಮ ಎರಡನೇ ಸಾಲಿನಲ್ಲಿ ಕೂತು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಅವರಿಗಿಂತ ಮುಂಚೆ ಹಾಡಿದ ತಂಡ ಡ್ರಮ್ಮಿನಿಂದ ಚಾವಣಿ ಹಾರಿಸಿ ಹೋಗಿತ್ತು. ಅಶ್ವಥ್ ಕುರ್ಚಿಯ ಮೇಲೆ ಕೂತು ಬೆರಳಿಟ್ಟ. ಅಸ್ರಾ ಮೈಕ್ ಹತ್ತಿರ ಬಂದಳು. ಮೊದಲ ಕಾರ್ಡ್, ಎರಡನೆಯದು, ಮೂರನೆಯದು. ಒಂದರೊಳಗಿಂದ ಇನ್ನೊಂದು ಎದ್ದು ಬರುತ್ತಿತ್ತು. ಎಲ್ಲಿ ಬದಲಾಯಿತು ಎಂದು ತೋರಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಅದರ ಮೇಲೆ ಅಸ್ರಾಳ ತಗ್ಗಿನ ದನಿ ತೇಲಿತು, ಒಂದೊಂದು ಅಕ್ಷರವೂ ಕೊನೆಯ ಸಾಲಿಗೆ ಮುಟ್ಟುವಂತೆ. ಹಿಂದೆ ಕೂತು ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು.

ಎರಡನೆಯ ಚರಣದಲ್ಲಿ ಏರುವ ಜಾಗ ಬಂತು. ಅಶ್ವಥ್ ಆಕಾರವನ್ನು ಮೇಲಕ್ಕೆ ಜಾರಿಸಲು ಹೊರಟ. ಸಭಾಂಗಣದ ಎಸಿಯ ತಂಪಿಗೆ ಬೆರಳುಗಳು ಬಿಗಿದುಕೊಂಡಿದ್ದವು, ಕದಲಲಿಲ್ಲ. ಅಸ್ರಾಳ ದನಿ ಆಗಲೇ ಏರಿತ್ತು. ಮನು ಕೀಬೋರ್ಡಿನ ಮೇಲೆ ಕೈ ಚಾಚಿದ. ಅಂಬುಜಮ್ಮ ಕಣ್ಣು ಮುಚ್ಚಿಕೊಂಡಳು.

ಅಶ್ವಥನಿಗೆ ಗಾಬರಿಯಾಗಲಿಲ್ಲ. ಅದು ಅವನಿಗೇ ಆಮೇಲೆ ಆಶ್ಚರ್ಯ. ಕೈ ಇದ್ದ ಕಡೆಯಿಂದಲೇ ಮುಂದಿನ ಕಾರ್ಡಿಗೆ ಹತ್ತಿರದ ದಾರಿ ಅವನಿಗೆ ಗೊತ್ತಿತ್ತು. ಕೆಳಗೇ ಉಳಿದು, ಒಂದು ಬೆರಳನ್ನು ಒಂದು ಫ್ರೆಟ್ ಸರಿಸಿದ, ಆಮೇಲೆ ಇನ್ನೊಂದನ್ನು. ದನಿ ಮೇಲೆ, ಗಿಟಾರ್ ಕೆಳಗೆ. ನಡುವೆ ತೆರೆದ ಜಾಗದಲ್ಲಿ ಅಸ್ರಾಳ ಸ್ವರ ಇನ್ನಷ್ಟು ಎತ್ತರದಲ್ಲಿ ಒಂಟಿಯಾಗಿ ಮಿನುಗಿತು. ಅವಳು ತಿರುಗಿ ನೋಡಿ ನಕ್ಕಳು. ಮನು ಕೈ ಹಿಂದಕ್ಕೆ ತೆಗೆದುಕೊಂಡ.

ಕೊನೆಯ ಚರಣದಲ್ಲಿ ಬೆರಳುಗಳಿಗೆ ಬಿಸಿ ಬಂದಿತ್ತು. ಈ ಸಲ ಅವಳು ಏರಿದಾಗ ಅವನೂ ಏರಿದ. ನಡುವಿನಿಂದ ಎರಡು ಫ್ರೆಟ್ ಮೇಲೆ, ಅಲ್ಲಿಂದ ಹತ್ತನೆಯದರ ಮೇಲೆ ಅಡ್ಡಬೆರಳು. ಇಬ್ಬರೂ ಒಟ್ಟಿಗೆ ಮೇಲೆ ನಿಂತರು, ಒಟ್ಟಿಗೆ ಇಳಿದರು. ಕೊನೆಯ ಕಾರ್ಡ್ ಆರಿತು. ಆಮೇಲೆ ಕನಕಪುರದ ತಂಡದ ಹಿರಿಯ ತಬಲಾ ವಾದಕರು ಎದ್ದು ನಿಂತರು. ಅವರ ಹಿಂದೆ ಸಾಲು ಸಾಲಾಗಿ ಎಲ್ಲರೂ ಎದ್ದರು. ಚಪ್ಪಾಳೆಯ ಸದ್ದಿನಲ್ಲಿ ನಿರೂಪಕಿಯ ಮಾತು ಯಾರಿಗೂ ಕೇಳಿಸಲಿಲ್ಲ.

ಪರದೆಯ ಹಿಂದೆ ಬೈರಪ್ಪ ಓಡಿ ಬಂದು ಅವನ ಎರಡೂ ಭುಜ ಹಿಡಿದ. ಕಣ್ಣು ಒದ್ದೆಯಾಗಿದ್ದವು.

"ಏನ್ಲಾ ಇದು? ಮೊದ್ಲು ನೀನು ನುಡಿಸ್ತಿದ್ದಾಗ ನಾನು ನಿನ್ ಕೈ ನೋಡ್ತಿದ್ದೆ. ಇವತ್ತು ಮೊದ್ಲ ಸಲ ಹಾಡು ಕೇಳ್ದೆ ಕಣ್ಲಾ. ಮುಂದಿನ ವಾರ ಸೋಲೂರಲ್ಲಿ ರಿಸೆಪ್ಷನ್ ಐತೆ. ಬಾ."

"ಬತ್ತೀನಿ. ಕುಣಿಯೋ ಹಾಡ್ಗೆ ಬ್ಯಾರೆಯೋರ್ನ ಕೂರ್ಸ್ಕೋ. ನಿಧಾನದ ಹಾಡೆಲ್ಲ ನಂದು. ನಾನು ನುಡಿಸ್ವಾಗ ಬ್ಯಾರೆ ಯಾರೂ ಮಧ್ಯ ಕೈ ಹಾಕಂಗಿಲ್ಲ."

"ಆಯ್ತು."

"ಗಿಲಕೀನೂ ಬ್ಯಾಡ."

"ಲೇ, ಅದ್ನ ಇನ್ನೂ ಮನ್ಸಲ್ಲಿ ಇಟ್ಕಂಡಿದ್ದೀಯಾ!" ಬೈರಪ್ಪ ತಲೆ ಕೆರೆದುಕೊಂಡ. ಪಕ್ಕದಲ್ಲಿದ್ದ ಮನು, "ಅಶ್ವಥಣ್ಣ, ಆ ಮಧ್ಯದ ಕಾರ್ಡ್ ಯಾವ್ದು? ನಂಗೂ ತೋರ್ಸಿ," ಎಂದು ಅಂಗೈ ಚಾಚಿದ. ಅಶ್ವಥ್ ತೋರಿಸಲು ಶುರು ಮಾಡುವಷ್ಟರಲ್ಲಿ ಸಂಘದ ಅಧ್ಯಕ್ಷರೇ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದರು. ಜನ ಮುಂದಿನ ತಂಡವನ್ನು ಸ್ಟೇಜಿಗೆ ಬಿಡುತ್ತಿಲ್ಲ, ಅದೇ ಹಾಡು ಇನ್ನೊಮ್ಮೆ ಬೇಕಂತೆ.

ಅಸ್ರಾ ಅಶ್ವಥನ ಮುಖ ನೋಡಿದಳು. "ಕೈ ಸುಸ್ತಾಗಿದ್ಯಾ ಅಣ್ಣ?"

"ನಡಿಯವ್ವ," ಎಂದು ಅವನು ಗಿಟಾರ್ ಎತ್ತಿಕೊಂಡ.

ಅವರನ್ನು ಕಂಡದ್ದೇ ಸಭಾಂಗಣದಲ್ಲಿ ಮತ್ತೆ ಗದ್ದಲವೆದ್ದಿತು. ಎರಡನೇ ಸಾಲಿನಲ್ಲಿ ಅಂಬುಜಮ್ಮ ನಿಂತುಕೊಂಡೇ ಇದ್ದಳು, ಪಕ್ಕದವರಿಗೆ "ನಮ್ಮನೆಯವ್ರು" ಎಂದು ಕೈ ತೋರಿಸಿ ಹೇಳುತ್ತಿದ್ದಳು. ಅಶ್ವಥ್ ಕುರ್ಚಿಯಲ್ಲಿ ಕೂತು, ಎಂದಿನಂತೆ ಕತ್ತಿನ ಮಧ್ಯಕ್ಕೆ ಕೈ ಒಯ್ಯಲಿಲ್ಲ. ಜಗಲಿಯಲ್ಲಿ ಒಮ್ಮೆಯೂ ಹೀಗೆ ಶುರು ಮಾಡಿರಲಿಲ್ಲ. ಹತ್ತನೇ ಫ್ರೆಟ್ಟಿನ ಮೇಲೆ ಬೆರಳನ್ನು ಅಡ್ಡ ಮಲಗಿಸಿ, ಎತ್ತರದಿಂದಲೇ ಮೊದಲ ಕಾರ್ಡ್ ಮೀಟಿದ. ಅಸ್ರಾ ಗಕ್ಕನೆ ತಿರುಗಿದಳು. ಅವನು ಕತ್ತು ಆಡಿಸಿದ: ಹಾಡು. ಅವಳು ಉಸಿರೆಳೆದುಕೊಂಡು ಆ ಎತ್ತರದಿಂದಲೇ ಹೊಸದಾಗಿ ಸಾಲನ್ನು ಎತ್ತಿಕೊಂಡಳು. ಅವನ ಬೆರಳುಗಳು ತಂತಿಗೆ ಅಂಟಿಕೊಂಡೇ, ಒಂದೊಂದೇ ಫ್ರೆಟ್ ಸರಿಯುತ್ತಾ, ಆವತ್ತಿನವರೆಗೆ ತಾವು ನಡೆದಿರದ ದಾರಿಯಲ್ಲಿ ಇಳಿಯತೊಡಗಿದವು.